ಕೆಂಡದೊಳಗಿನ ಪಿಜ್ಜಾ

ಪ್ರಿಯದರ್ಶಿನಿ ಮನೆಯಿಂದ ಹೊರಡುವಾಗ ಗ್ಯಾಸಿನ ರೆಗ್ಯುಲೇಟರನ್ನು ಮೂರು ಸಲ ಮುಟ್ಟಿ ನೋಡುವ ಹೆಂಗಸು. ಮೊದಲ ಸಲ ಆಫ್ ಮಾಡುವುದಕ್ಕೆ, ಎರಡನೇ ಸಲ ಆಫ್ ಆಗಿದೆಯೇ ಎಂದು ನೋಡುವುದಕ್ಕೆ, ಮೂರನೇ ಸಲ ಎರಡನೇ ಸಲ ನೋಡಿದ್ದು ನಿಜವೇ ಎಂದು ಖಾತ್ರಿ ಮಾಡಿಕೊಳ್ಳುವುದಕ್ಕೆ. ಶಿವಮೊಗ್ಗದ ವಿದ್ಯಾನಗರದ ಮನೆಯ ಗೇಟಿನಲ್ಲಿ ಸ್ಕೂಟರಿನ ಮೇಲೆ ಕೂತು ಕಾಯುವುದು ಗಂಡ ಪ್ರಸನ್ನಕುಮಾರನಿಗೆ ಅಭ್ಯಾಸವಾಗಿಹೋಗಿತ್ತು. ಅಂಥವಳು ಎಂಟು ಹುಡುಗಿಯರನ್ನು ಕಟ್ಟಿಕೊಂಡು ಭದ್ರಾವತಿಯ ಬಯಲಿನಲ್ಲಿ ಬೆಂಕಿ ಹಚ್ಚಲು ಹೊರಟಿದ್ದಾಳೆಂದು ತಿಳಿದು ಅವನು ನಕ್ಕಿದ್ದ.

"ನೀನಾ? ಊದುಬತ್ತಿ ಹಚ್ಚಿದ್ರೂ ಪಕ್ಕದಲ್ಲಿ ಚೊಂಬು ನೀರಿಟ್ಕೊಳ್ಳೋಳು ನೀನು."

"ಅದಕ್ಕೇ ನಾನೇ ಹೋಗ್ಬೇಕು," ಎಂದಿದ್ದಳು ಪ್ರಿಯದರ್ಶಿನಿ.

ಅದು ಎರಡು ಸಾವಿರದ ಎರಡನೇ ಇಸವಿಯ ಡಿಸೆಂಬರ್. ಅವಳು ಶಿವಮೊಗ್ಗದ ಒಂದು ಹೆಣ್ಣುಮಕ್ಕಳ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದಳು. ಬೇರೆ ಯಾರೂ ಒಪ್ಪದೆ ಇದ್ದದ್ದರಿಂದ ಶಾಲೆಯ ಗೈಡ್ಸ್ ತಂಡಕ್ಕೂ ಅವಳೇ ಕ್ಯಾಪ್ಟನ್ ಆಗಿದ್ದಳು. ಭದ್ರಾವತಿಯ ಕಾಗದನಗರದ ಆಟದ ಬಯಲಿನಲ್ಲಿ ಸ್ಕೌಟು, ಗೈಡು ಎರಡಕ್ಕೂ ಸೇರಿ ಮೂರು ದಿನದ ಶಿಬಿರ. ಮೂರನೇ ದಿನ ಮಧ್ಯಾಹ್ನ ಒಂದು ಪರೀಕ್ಷೆ ಇತ್ತು: ಪಾತ್ರೆಪಗಡ ಬಳಸದೆ, ತೆರೆದ ಬೆಂಕಿಯಲ್ಲಿ, ತಿನ್ನುವಂಥ ಒಂದು ಅಡುಗೆ ಮಾಡಿ ತೋರಿಸಬೇಕು. ಅದನ್ನು ಶಿಬಿರಾಧಿಕಾರಿ ಕಣ್ಣಾರೆ ನೋಡಿ, ರಿಜಿಸ್ಟರಿನಲ್ಲಿ ಹೆಸರು ಸಮೇತ ಬರೆದು ಸಹಿ ಹಾಕಿದರೆ, ಆ ಪುಟದ ನಕಲು ನೋಡಿ ಜಿಲ್ಲೆಯ ಕಚೇರಿಯವರು ಮಕ್ಕಳ ಪ್ರಗತಿ ಪುಸ್ತಕದಲ್ಲಿ ಮೊಹರು ಒತ್ತುತ್ತಿದ್ದರು.

ತಂಡದ ನಾಯಕಿ ಕವನಳ ಪುಸ್ತಕದಲ್ಲಿ ಆ ಒಂದು ಸಾಲು ಮಾತ್ರ ಖಾಲಿ ಉಳಿದಿತ್ತು. ಅವಳು ಹತ್ತನೇ ತರಗತಿ. ಮುಂದಿನ ವರ್ಷ ಶಿಬಿರವಿಲ್ಲ. ಅವಳ ಅಪ್ಪ ಹುಲಿಯಪ್ಪ ಶಿವಮೊಗ್ಗದ ಅಡಿಕೆ ಮಂಡಿಯಲ್ಲಿ ಮೂಟೆ ಹೊರುವವನು. "ಡಿಪ್ಲೊಮಾ ಸೀಟು ಸಿಕ್ರೆ ಓದು, ಇಲ್ಲಾಂದ್ರೆ ಹೊಲಿಗೆ ಕಲಿ" ಎಂದು ಅವನು ಒಂದೇ ಮಾತಿನಲ್ಲಿ ಮುಗಿಸಿದ್ದ. ಗೈಡ್ಸ್ ಸರ್ಟಿಫಿಕೇಟ್ ಇದ್ದರೆ ಡಿಪ್ಲೊಮಾ ಸೀಟಿಗೆ ಅನುಕೂಲವಾಗುತ್ತದೆಂದು ಯಾರೋ ಹೇಳಿದ್ದನ್ನು ಕವನ ಬಲವಾಗಿ ಹಿಡಿದುಕೊಂಡಿದ್ದಳು. ಅದು ಎಷ್ಟು ನಿಜವೋ ಪ್ರಿಯದರ್ಶಿನಿಗೆ ಗೊತ್ತಿರಲಿಲ್ಲ. ಆದರೆ ಆ ಸಾಲು ಖಾಲಿ ಉಳಿದರೆ ಸರ್ಟಿಫಿಕೇಟೇ ಇಲ್ಲ ಎಂಬುದು ಮಾತ್ರ ಚೆನ್ನಾಗಿ ಗೊತ್ತಿತ್ತು.

ಏನು ಅಡುಗೆ ಎಂಬುದನ್ನು ಹುಡುಗಿಯರೇ ನಿರ್ಧರಿಸಿದ್ದರು. ಒಂಬತ್ತನೇ ತರಗತಿಯ ಅಮೂಲ್ಯ ಬೆಂಗಳೂರಿನ ಚಿಕ್ಕಮ್ಮನ ಮನೆಯಲ್ಲಿ ಒಮ್ಮೆ ಪಿಜ್ಜಾ ತಿಂದು ಬಂದಿದ್ದಳು. ಅಂದಿನಿಂದ ತರಗತಿಯಲ್ಲಿ ಅದರ ಮಾತೇ ಮಾತು.

"ಪ್ರತಿ ವರ್ಷ ಸುಟ್ಟ ಬದನೆಕಾಯಿ, ಸುಟ್ಟ ಗೆಣಸು. ಈ ಸಲ ಪಿಜ್ಜಾ ಮಾಡೋಣ ಮಿಸ್."

"ತಟ್ಟೇನೇ ಇಲ್ದೆ ಪಿಜ್ಜಾ ಹೆಂಗೆ ಸುಡ್ತೀಯೇ? ಚೀಸೆಲ್ಲ ಬೂದಿ ಪಾಲು," ಎಂದಳು ಕವನ.

"ಮಡಚ್ಬಿಡೋದು ಕಣೇ. ಒಳಗೆ ತುಂಬಿ ಬಾಯಿ ಮುಚ್ಚಿದ್ರಾಯ್ತು. ಪಿಜ್ಜಾ ಪಾಕೆಟ್ ಅಂತಾರೆ ಅದಕ್ಕೆ."

ದುರ್ಗಿಗುಡಿ ಪೇಟೆಯ ಅಂಗಡಿಯಿಂದ ಒಂದು ಡಬ್ಬಿ ಚೀಸ್ ಬಂತು. ಮೈದಾ, ಮೊಸರು, ಚಿಟಿಕೆ ಸೋಡಾ, ಈರುಳ್ಳಿ, ಟೊಮೆಟೊ, ದೊಣ್ಣೆಮೆಣಸಿನಕಾಯಿ ಮನೆಗಳಿಂದ ಬಂದವು. ಪ್ರಿಯದರ್ಶಿನಿ ತನ್ನ ಚೀಲಕ್ಕೆ ಎರಡು ಟ್ಯೂಬ್ ಬರ್ನಾಲ್ ಹಾಕಿಕೊಂಡಳು. ಒಂದು ಸಾಕಾಗದಿದ್ದರೆ ಎಂದು.

ಮೂರನೇ ದಿನ ಬೆಳಿಗ್ಗೆ, ಧ್ವಜವಂದನೆ ಮುಗಿದ ಮೇಲೆ, ಶಿಬಿರಾಧಿಕಾರಿ ಏಕಾಂತಪ್ಪನವರು ಸೀಟಿ ಊದಿದರು. ಡ್ರಿಲ್ ಮೇಷ್ಟ್ರಾಗಿ ನಿವೃತ್ತರಾದವರು. ಅರವತ್ತು ದಾಟಿದ್ದರೂ ಇಸ್ತ್ರಿ ಮುರಿಯದ ಬಿಳಿ ಪ್ಯಾಂಟು. ಕೆಟ್ಟವರಲ್ಲ. ಹುಡುಗಿಯರಿಗೆ ಚಳಿಯಾಗುತ್ತದೆಂದು ಹಿಂದಿನ ರಾತ್ರಿ ತಾವೇ ನಿಂತು ಕಂಬಳಿ ಹಂಚಿಸಿದ್ದರು.

"ಮಧ್ಯಾಹ್ನ ಪಾತ್ರೆಯಿಲ್ಲದ ಅಡುಗೆ," ಎಂದರು. "ಹುಡುಗರ ತಂಡಗಳಿಗೆ ಸೌದೆ ಕೊಡಲಾಗುವುದು. ಹೆಣ್ಣುಮಕ್ಕಳು ಮೆಸ್ಸಿನಲ್ಲಿ ಪದ್ಮಮ್ಮನವರಿಗೆ ಕೈ ಜೋಡಿಸಬೇಕು. ಹೋದ ವರ್ಷದ ಅನಾಹುತ ಎಲ್ಲರಿಗೂ ಗೊತ್ತಿದೆ. ಹೆಣ್ಣುಮಕ್ಕಳ ವಿಷಯದಲ್ಲಿ ನಾನು ರಿಸ್ಕ್ ತಗೊಳ್ಳೋದಿಲ್ಲ."

ಹೋದ ವರ್ಷದ ಅನಾಹುತ ಪ್ರಿಯದರ್ಶಿನಿಗೂ ಗೊತ್ತಿತ್ತು. ಹುಡುಗರ ಒಂದು ತಂಡ ಬೆಂಕಿ ಆರಿಸದೆ ಕ್ರಿಕೆಟ್ ಆಡಲು ಹೋಗಿ, ಅವರದೇ ಟೆಂಟು ಸುಟ್ಟು ಬೂದಿಯಾಗಿತ್ತು. ಟೆಂಟು ಸುಟ್ಟವರು ಹುಡುಗರು, ಈಗ ಬೆಂಕಿಯಿಂದ ದೂರ ಇರಬೇಕಾದವರು ಹುಡುಗಿಯರು. ಇದು ಸಾಲಿನಲ್ಲಿ ನಿಂತಿದ್ದ ಬೇರೆ ಯಾರಿಗಾದರೂ ಹೊಳೆಯಿತೇ ಎಂದು ಅವಳು ಅತ್ತಿತ್ತ ನೋಡಿದಳು. ಬೇರೆ ಎರಡು ಶಾಲೆಗಳ ಗೈಡ್ಸ್ ಟೀಚರುಗಳು ನೆಲ ನೋಡುತ್ತಿದ್ದರು. ಕವನ ಮಾತ್ರ ಇವಳ ಮುಖವನ್ನೇ ನೋಡುತ್ತಿದ್ದಳು.

ಸಾಲು ಚದುರಿದ ಮೇಲೆ ಪ್ರಿಯದರ್ಶಿನಿ ಏಕಾಂತಪ್ಪನವರ ಹತ್ತಿರ ಹೋದಳು.

"ಸರ್, ನಮ್ಮ ಮಕ್ಕಳ ಟೆಸ್ಟು?"

"ಮುಂದಿನ ವರ್ಷ ನೋಡೋಣ ಬಿಡಮ್ಮ."

"ಕವನಂಗೆ ಮುಂದಿನ ವರ್ಷ ಇಲ್ಲ ಸರ್."

"ನೋಡು ತಾಯಿ, ನನಗೂ ಹೆಣ್ಣುಮಕ್ಕಳಿದಾರೆ. ನಾಳೆ ಒಂದು ಹುಡುಗಿ ಮುಖ ಸುಟ್ಕೊಂಡ್ರೆ ಅವಳನ್ನ ಯಾರ್ ಮದುವೆ ಆಗ್ತಾರೆ? ಅವರಪ್ಪಂಗೆ ನೀನು ಉತ್ತರ ಕೊಡ್ತೀಯಾ, ನಾನು ಕೊಡ್ಲಾ?"

"ರೂಲ್ ಪುಸ್ತಕದಲ್ಲಿ ಗೈಡ್‌ಗಳಿಗೂ ಇದೇ ಟೆಸ್ಟು ಅಂತ ಇದೆ. ಮಾಡಬಾರದು ಅಂತಾದ್ರೆ ನೀವು ಬರೆದುಕೊಡಿ ಸರ್. ಕಾರಣ ಹಾಕಿ, ಸಹಿ ಮಾಡಿ."

ಏಕಾಂತಪ್ಪ ಅವಳನ್ನು ಮೇಲಿನಿಂದ ಕೆಳಗೆ ನೋಡಿದರು. ಮೂರು ದಿನದಿಂದ ಹತ್ತು ನಿಮಿಷಕ್ಕೊಮ್ಮೆ ಹುಡುಗಿಯರ ತಲೆ ಎಣಿಸುತ್ತ ಓಡಾಡುತ್ತಿದ್ದ ಈ ಸಣ್ಣ ಹೆಂಗಸು ಹೀಗೆ ಮಾತಾಡೀತೆಂದು ಅವರು ಎಣಿಸಿರಲಿಲ್ಲ.

"ಬರೆಯೋದೆಲ್ಲ ಯಾಕಮ್ಮ? ಬಾಯಲ್ಲಿ ಹೇಳಿದ್ರೆ ಸಾಲ್ದಾ?"

"ಸಾಲಲ್ಲ ಸರ್," ಎಂದು ಅವಳು ಹೊರಟುಬಿಟ್ಟಳು. ಟೆಂಟಿನ ಹತ್ತಿರ ಬಂದು ಹುಡುಗಿಯರನ್ನು ಕರೆದಳು.

"ನಮಗೆ ಸೌದೆ ಕೊಡಲ್ಲ. ನಾವೇ ಆರಿಸ್ಕೊಂಡು ಬರೋಣ."

"ಸರ್ ಬೈಯಲ್ವಾ ಮಿಸ್?" ಎಂದಳು ಅಮೂಲ್ಯ.

"ಬೈತಾರೆ. ನನಗೆ ಬೈತಾರೆ. ನೀವು ಕೂದಲು ಗಟ್ಟಿ ಹೆಣೆದು ಮೇಲಕ್ಕೆ ಕಟ್ಟಿ. ದುಪಟ್ಟಾ ಯಾರ ಮೈ ಮೇಲೂ ಇರಕೂಡದು."

ಕಾಗದನಗರದಲ್ಲಿ ಸೌದೆಗೆ ಬರವಿಲ್ಲ. ಕಾಗದದ ಕಾರ್ಖಾನೆಗೆ ಮರ ಹೊತ್ತು ಬರುವ ಲಾರಿಗಳಿಂದ ಉದುರಿದ ನೀಲಗಿರಿ ತೊಗಟೆ ರಸ್ತೆಯ ಎರಡೂ ಬದಿ ಬಿದ್ದಿರುತ್ತದೆ. ಹುಡುಗಿಯರು ಅದನ್ನೇ ಹೊರೆ ಕಟ್ಟಿ ತಂದರು. ಹಚ್ಚಿದ ಕೂಡಲೇ ತೊಗಟೆ ಭಗ್ಗನೆ ಎದ್ದು, ಎರಡೇ ನಿಮಿಷದಲ್ಲಿ ಬರೀ ಬೂದಿಯಾಯಿತು. ಪ್ರಿಯದರ್ಶಿನಿ ಅಷ್ಟು ಎತ್ತರದ ಜ್ವಾಲೆ ಕಂಡು, ಮೊದಲೇ ತುಂಬಿಸಿಟ್ಟಿದ್ದ ಮರಳಿನ ಬಕೆಟ್ಟಿಗೆ ಕೈ ಹಾಕಿದ್ದಳು.

"ಅದು ಉರಿಯೋದಕ್ಕೆ ಆಯ್ತೇ ಹೊರತು ಕೆಂಡಕ್ಕೆ ಆಗಲ್ಲ," ಎಂದು ಹಿಂದಿನಿಂದ ಯಾರೋ ಹೇಳಿದರು. ಮೆಸ್ಸಿನ ಪದ್ಮಮ್ಮ. ಸೊಂಟಕ್ಕೆ ಸೆರಗು ಸಿಕ್ಕಿಸಿ, ತೋಳಲ್ಲಿ ನಾಲ್ಕು ಅಕೇಶಿಯಾ ಕೊರಡು ಇಟ್ಟುಕೊಂಡು ನಿಂತಿದ್ದಳು. "ಇದ್ನ ಹಾಕಿ. ಮುಕ್ಕಾಲು ಗಂಟೆ ತಡ್ಕೊಳ್ಳಿ, ಕೆಂಡ ಅಂದ್ರೆ ಕೆಂಡ ಬೀಳುತ್ತೆ."

"ಪದ್ಮಮ್ಮ, ಸರ್ ನಿಮಗೆ ಬೈದ್ರೆ?"

"ಯಾವ ಸರ್ರು? ನಾನು ಒಂಬತ್ತನೇ ವಯಸ್ಸಿಂದ ಒಲೆ ಮುಂದೆ ಕೂತಿದೀನಿ ಟೀಚರಮ್ಮ. ಆವಾಗ ಯಾವನೂ ಬಂದು ಪಾಪ ಹುಡುಗಿ ಸುಟ್ಕೊಂಡೀತು ಅನ್ಲಿಲ್ಲ." ಅವಳು ಕೊರಡುಗಳನ್ನು ಕೆಳಗಿಟ್ಟು ಹಿಟ್ಟಿನ ಕಡೆ ನೋಡಿದಳು. "ಅದೇನು ಮಾಡ್ತೀರಂತೆ?"

"ಪಿಜ್ಜಾ ಪಾಕೆಟ್ಟು," ಎಂದಳು ಅಮೂಲ್ಯ ಹೆಮ್ಮೆಯಿಂದ, ಮತ್ತು ಕೈಯಲ್ಲೇ ಆಕಾರ ಮಾಡಿ ತೋರಿಸಿದಳು.

"ಕಡುಬು ಅನ್ನೇ ಮಾರಾಯ್ತಿ. ಹೆಸರು ಮಾತ್ರ ಪೇಟೆಯಿಂದ ತಂದಿದೀಯ."

ಬಾಳೆಲೆ ಹಾಸಿ ಅದರ ಮೇಲೆ ಮೈದಾ ಗುಡ್ಡೆ ಮಾಡಿ, ನಡುವೆ ಗುಳಿ ತೋಡಿ, ಮೊಸರು ಸೋಡಾ ಉಪ್ಪು ಹಾಕಿ ಕವನ ಹಿಟ್ಟು ನಾದಿದಳು. ಲಟ್ಟಣಿಗೆ ಇಲ್ಲ, ಮಣೆ ಇಲ್ಲ. ರೊಟ್ಟಿ ತಟ್ಟಿದ ಕೈಯಾದ್ದರಿಂದ ಅದರ ಕೊರತೆಯೂ ಕಾಣಲಿಲ್ಲ. ಅಂಗೈಯಲ್ಲೇ ತಟ್ಟಿ ತಟ್ಟಿ ದುಂಡಗೆ ಮಾಡಿ ಅಮೂಲ್ಯಳ ಕಡೆ ತಳ್ಳುತ್ತಿದ್ದಳು. ಅಮೂಲ್ಯ ಟೊಮೆಟೊ ಕಿವುಚಿ, ಈರುಳ್ಳಿ ದೊಣ್ಣೆಮೆಣಸಿನಕಾಯಿ ಚೀಸು ತುಂಬಿ ಮಡಚುತ್ತಿದ್ದಳು. ಅವಳ ಅಜ್ಜಿ ಸಣ್ಣಮ್ಮ ಕರಿಗಡುಬಿಗೆ ಹೆಸರಾದವಳು. ಎಣ್ಣೆಯಲ್ಲಿ ಕಡುಬು ಬಾಯಿ ಬಿಟ್ಟು ಹೂರಣ ಚೆಲ್ಲಿದರೆ ಆ ಮನೆಯಲ್ಲಿ ಅದಕ್ಕಿಂತ ದೊಡ್ಡ ಅವಮಾನವಿಲ್ಲ. ಹಾಗಾಗಿ ಅಮೂಲ್ಯ ಅಂಚಿಗೆ ನೀರು ಸವರಿ, ಒತ್ತಿ, ಜಡೆ ಹೆಣೆದಂತೆ ಮಡಿಕೆ ಹಾಕಿ, ಅದರ ಮೇಲೆ ಇನ್ನೊಂದು ಸುತ್ತು ಮಡಿಕೆ ಹಾಕಿದಳು. ಆಮೇಲೆ ಬಾಳೆಲೆಯಲ್ಲಿ ಸುತ್ತಿ, ನಾರಿನಲ್ಲಿ ಕಟ್ಟಿ, ಹಸಿ ಮಣ್ಣು ಮೆತ್ತಿದಳು.

"ನೋಡಿ ಮಿಸ್, ಇರುವೆ ಕೂಡ ಒಳಗೆ ಹೋಗಲ್ಲ."

"ಭೇಷ್," ಎಂದಳು ಪ್ರಿಯದರ್ಶಿನಿ. ಎಂಟನೇ ತರಗತಿಗೆ ಪ್ರತಿ ವರ್ಷ ನೀರು, ಹಬೆ, ಒತ್ತಡದ ಪಾಠ ಮಾಡುವವಳು ಹಾಗೆ ಅಂದಳು. ಅವಳ ಕಣ್ಣೆಲ್ಲ ಯಾರ ಬಟ್ಟೆಯ ಅಂಚು ಎಲ್ಲಿದೆ, ಗಾಳಿ ಯಾವ ಕಡೆ ಬೀಸುತ್ತಿದೆ, ನೆನೆಸಿದ ಗೋಣಿಚೀಲ ಒಣಗಿತೇ ಎಂಬುದರ ಮೇಲೇ ಇತ್ತು. ಹೊರಗಿನ ಬೆಂಕಿಯನ್ನು ಕಾಯುತ್ತ, ಒಳಗಿನ ನೀರನ್ನು ಮರೆತಳು.

ನಾಲ್ಕು ಪಾಕೆಟ್ಟು ಕೆಂಡದಲ್ಲಿ ಹೂತು ಹತ್ತು ನಿಮಿಷವಾಗಿರಬೇಕು, ಏಕಾಂತಪ್ಪ ಬಂದರು. ಹುಡುಗರ ತಂಡಗಳನ್ನು ನೋಡಿ ಮುಗಿಸಿ ಬರುತ್ತಿದ್ದರು. ಬಯಲಿನ ಈ ಮೂಲೆಯ ಹೊಗೆ ಅವರನ್ನು ಎಳೆದು ತಂದಿತ್ತು. ಜೊತೆಗೆ ಇಬ್ಬರು ಮೇಷ್ಟ್ರುಗಳು, ಕಂಕುಳಲ್ಲಿ ರಿಜಿಸ್ಟರು.

"ಏನಮ್ಮ ಇದು? ನಾನು ಹೇಳಿದ್ದು ಕಿವಿಗೆ ಬೀಳ್ಲಿಲ್ವಾ?"

"ಬಿತ್ತು ಸರ್."

"ಮತ್ತೆ?"

ಪ್ರಿಯದರ್ಶಿನಿ ಬಾಯಿ ತೆರೆಯುವಷ್ಟರಲ್ಲಿ ಕೆಂಡದೊಳಗೆ ಡಬ್ ಎಂದಿತು.

ಬೂದಿಯ ದೊಡ್ಡ ಮೋಡ ಎದ್ದಿತು. ಸುಟ್ಟ ಮಣ್ಣಿನ ಹೆಂಟೆಯೊಂದು ಏಕಾಂತಪ್ಪನವರ ಕಿವಿಯ ಪಕ್ಕ ಹಾದುಹೋಯಿತು. ಅವರು ಹಿಂದಕ್ಕೆ ಹಾರುವಷ್ಟರಲ್ಲಿ ಎರಡನೆಯದೂ ಸಿಡಿದು, ಕುದಿಯುವ ಟೊಮೆಟೊ ಅವರ ಬಿಳಿ ಪ್ಯಾಂಟಿನ ಮೇಲೆ ಮಂಡಿಯಿಂದ ಕೆಳಗೆ ಇಳಿಯಿತು. ಒಂದು ಕಿಡಿ ಪ್ರಿಯದರ್ಶಿನಿಯ ಸೀರೆಯ ಅಂಚಿಗೆ ಬಿತ್ತು. ಅವಳು ಬಗ್ಗಿ ಬರಿಗೈಯಲ್ಲಿ ಹಿಸುಕಿದಳು. ಅಷ್ಟರಲ್ಲಿ ಕವನ "ಹಿಂದಕ್ಕೆ" ಎಂದದ್ದು, ಎಂಟೂ ಹುಡುಗಿಯರು ಮೂರು ಹೆಜ್ಜೆ ಸರಿದದ್ದು, ಇಬ್ಬರು ಹೊರಗೆ ಚೆಲ್ಲಿದ ಕೆಂಡಕ್ಕೆ ಮರಳು ತೂರಿದ್ದು, ಒಬ್ಬಳು ಒದ್ದೆ ಗೋಣಿ ಹಿಡಿದು ನಿಂತದ್ದು, ಎಲ್ಲ ಆಗಿಹೋಗಿತ್ತು. ಯಾರೂ ಕಿರುಚಲಿಲ್ಲ. ಕಿರುಚಿದ್ದು ಒಬ್ಬ ಮೇಷ್ಟ್ರು.

"ನೋಡಿದ್ರಾ?" ಎಂದರು ಏಕಾಂತಪ್ಪ ಪ್ಯಾಂಟು ಕೊಡವುತ್ತ. ಅವರ ಧ್ವನಿಯಲ್ಲಿ ಕೋಪಕ್ಕಿಂತ ಗೆದ್ದ ಸಮಾಧಾನವೇ ಹೆಚ್ಚಿತ್ತು. "ನಾನು ಹೇಳಿದ್ದು ಇದನ್ನೇ. ಆರಿಸಿ ಬೆಂಕಿ."

ಪ್ರಿಯದರ್ಶಿನಿ ಹುಡುಗಿಯರನ್ನು ಎಣಿಸಿದಳು. ಒಬ್ಬೊಬ್ಬರ ಕೈ, ಮುಖ ನೋಡಿದಳು. ತನ್ನ ಬೆರಳ ತುದಿ ಉರಿಯುತ್ತಿತ್ತು. ಈಗ ಆರಿಸಿಬಿಟ್ಟರೆ ಎಲ್ಲ ಸುರಕ್ಷಿತ. ಮನೆಗೆ ಹೋಗಬಹುದು, ನಿದ್ದೆ ಮಾಡಬಹುದು. ಅವಳ ಇಡೀ ಮೈ ಅದನ್ನೇ ಕೇಳುತ್ತಿತ್ತು. ಆದರೆ ಬೆಂಕಿ ಆರಿಸಿದ ಮೇಲೆ ಕವನ ಹೊಲಿಗೆ ಯಂತ್ರದ ಹತ್ತಿರ ಹೋಗಿ ಕೂರುವುದು ಅವಳಿಗೆ ಅಷ್ಟೇ ಸ್ಪಷ್ಟವಾಗಿ ಕಂಡಿತು.

"ಆರಿಸಲ್ಲ ಸರ್."

"ಏನಂದ್ರಿ?"

"ಆರಿಸಲ್ಲ ಅಂದೆ. ಸಿಡಿದದ್ದು ನಮ್ಮ ತಪ್ಪು. ಹಬೆ ಹೋಗೋಕೆ ದಾರಿ ಇರ್ಲಿಲ್ಲ. ಅದು ಹುಡುಗೀರು ಅಂತ ಸಿಡೀಲಿಲ್ಲ. ಹುಡುಗರು ಮುಚ್ಚಿಟ್ಟಿದ್ರೂ ಸಿಡೀತಿತ್ತು." ಅವಳು ಅಮೂಲ್ಯಳ ಕಡೆ ತಿರುಗಿದಳು. ಹುಡುಗಿಯ ಕಣ್ಣು ತುಂಬಿತ್ತು. "ಅಳೋದು ಆಮೇಲೆ. ಎಣ್ಣೇಲಿ ಬಿಡೋ ಕಡುಬಿಗೆ ಬಾಯಿ ಮುಚ್ಚಬೇಕು. ಕೆಂಡದ ಕಡುಬಿಗೆ ಮೂಗು ಬಿಡ್ಬೇಕು. ಆ ಜಾಲಿಮುಳ್ಳು ತಗೊಂಡು ಚುಚ್ಚು. ಮೂರು ತೂತು. ಮಣ್ಣು ಬೇಡ, ಎಲೆ ಸಾಕು."

ಉಳಿದಿದ್ದ ಎರಡನ್ನು ಕವನ ಉದ್ದನೆಯ ಕೋಲಿನಿಂದ ಹುಷಾರಾಗಿ ಹೊರಗೆಳೆದು ದೂರ ಸರಿಸಿದಳು. ಹೊಸದಾಗಿ ಎಂಟು ತಟ್ಟಿದರು. ಅಮೂಲ್ಯ ಮೂಗು ಒರೆಸಿಕೊಳ್ಳುತ್ತ ಒಂದೇ ಸುತ್ತು ಮಡಿಕೆ ಹಾಕಿ, ಮುಳ್ಳಿನಿಂದ ಚುಚ್ಚಿದಳು. ಅಜ್ಜಿ ನೋಡಿದ್ದರೆ ಕೈ ಮೇಲೆ ಹೊಡೆಯುತ್ತಿದ್ದಳು. ಏಕಾಂತಪ್ಪ ಹೋಗಲೂ ಇಲ್ಲ, ತಡೆಯಲೂ ಇಲ್ಲ. ಹುಡುಗಿಯರ ಕೈಯಿಂದ ಬೆಂಕಿ ಕಿತ್ತುಕೊಳ್ಳುವುದು ಹೇಗೆಂದು ಅವರಿಗೂ ತಿಳಿದಿರಲಿಲ್ಲವೆಂದು ಕಾಣುತ್ತದೆ. ಹುಡುಗರ ತಂಡಗಳು ತಮ್ಮ ಗೆಣಸು ಬಿಟ್ಟು ಬಂದು ಸುತ್ತ ನಿಂತವು.

ಹದಿನೈದು ನಿಮಿಷ. ಎಲೆಯ ಸಂದಿನಿಂದ ಹಬೆ ಸುಯ್ ಎನ್ನುತ್ತ ಹೊರಬರತೊಡಗಿತು, ಆಮೇಲೆ ಚೀಸು ಕರಗಿದ ವಾಸನೆ. ಕವನ ಒಂದನ್ನು ಹೊರತೆಗೆದು ಎಲೆ ಬಿಡಿಸಿದಳು. ಒಂದು ಕಡೆ ಕರಕಲು, ಇನ್ನೊಂದು ಕಡೆ ಹೊಂಬಣ್ಣ, ತೂತಿನಿಂದ ಕೆಂಪು ರಸ ಇಣುಕುತ್ತಿತ್ತು. ನಾಲ್ಕು ತುಂಡು ಮಾಡಿ ಎಲೆಯ ಮೇಲಿಟ್ಟು ಏಕಾಂತಪ್ಪನವರ ಮುಂದೆ ಹಿಡಿದಳು.

"ತಗೊಳ್ಳಿ ಸರ್."

ಅವರು ತೆಗೆದುಕೊಳ್ಳಲಿಲ್ಲ. ಪಕ್ಕದಲ್ಲಿದ್ದ ಮೇಷ್ಟ್ರು, ಕಿರುಚಿದವನು, ಒಂದು ತುಂಡು ತೆಗೆದು ಬಾಯಿಗೆ ಹಾಕಿಕೊಂಡ. ಬಿಸಿಗೆ ಉಫ್ ಉಫ್ ಎನ್ನುತ್ತ ತಲೆಯಾಡಿಸಿದ. ಏಕಾಂತಪ್ಪ ಅವನನ್ನು ದುರುಗುಟ್ಟಿ ನೋಡಿ, ರಿಜಿಸ್ಟರ್ ಬಿಚ್ಚಿದರು.

"ಬೆಳಿಗ್ಗೆ ಬರೆದುಕೊಡಿ ಅಂದ್ರಲ್ಲ ಮೇಡಂ? ಈಗ ಬರೀತೀನಿ. ನಿಮ್ಮ ಹೆಡ್‌ಮಿಸ್ಟ್ರೆಸ್ಸಿಗೆ ಒಂದು ಕಾಪಿ, ಜಿಲ್ಲೆ ಕಚೇರಿಗೆ ಒಂದು ಕಾಪಿ. ಹೆಸರು ಹೇಳಿ, ಒಂದೂ ಬಿಡಬೇಡಿ."

ಅವರು 'ಅಮ್ಮ' ಬಿಟ್ಟು 'ಮೇಡಂ'ಗೆ ಬಂದದ್ದನ್ನು ಅವಳು ಗಮನಿಸಿದಳು. ಜಿಲ್ಲೆ ಕಚೇರಿ ಎಂಬ ಮಾತನ್ನೂ ಗಮನಿಸಿದಳು. ಎಂಟು ಹೆಸರುಗಳನ್ನು ತಂದೆಯ ಹೆಸರು, ತರಗತಿ ಸಮೇತ ನಿಧಾನವಾಗಿ ಹೇಳಿದಳು. ಕೊನೆಗೆ ತನ್ನದನ್ನು ಹೇಳಿದಳು. ಏಕಾಂತಪ್ಪ ಬರೆದದ್ದನ್ನು ಎಲ್ಲರಿಗೂ ಕೇಳಿಸುವಂತೆ ಓದಿದರು.

"ಮೇಲ್ಕಂಡ ಎಂಟು ಮಂದಿ ಗೈಡ್‌ಗಳು, ಶಿಬಿರಾಧಿಕಾರಿಯ ಮೌಖಿಕ ಆದೇಶವನ್ನು ಉಲ್ಲಂಘಿಸಿ, ನನ್ನ ಕಣ್ಣೆದುರಿನಲ್ಲೇ, ತೆರೆದ ಬೆಂಕಿಯಲ್ಲಿ ಅಡುಗೆ ಮಾಡಿರುತ್ತಾರೆ. ಇದಕ್ಕೆ ಅವರ ಕ್ಯಾಪ್ಟನ್ನರೇ ಸಂಪೂರ್ಣ ಜವಾಬ್ದಾರರು. ಸಾಕಾ?"

"ಮೆಸ್ಸಿನ ಪಾತ್ರೆ ಬಳಸಿದ್ರು ಅಂತ ಯಾರಾದ್ರೂ ತಿಳ್ಕೊಂಡಾರು ಸರ್. ಅದನ್ನೂ ಸ್ಪಷ್ಟ ಮಾಡ್ಬಿಡಿ."

"ಮಾಡ್ತೀನಿ, ಯಾಕೆ ಮಾಡಲ್ಲ?" ಅವರು ಪೆನ್ನು ಒತ್ತಿ ಬರೆದರು. "ಯಾವುದೇ ಪಾತ್ರೆಪಗಡ ಬಳಸದೆ, ಅಪಾಯಕರ ರೀತಿಯಲ್ಲಿ." ತಾರೀಖು ಹಾಕಿ, ಸಹಿ ಮಾಡಿ, ಶಿಬಿರದ ಮೊಹರು ಒತ್ತಿದರು.

ಪ್ರಿಯದರ್ಶಿನಿ ರಿಜಿಸ್ಟರ್ ಕೈಗೆ ತೆಗೆದುಕೊಂಡು ಎರಡು ಸಲ ಓದಿದಳು. ಎಂಟು ಹೆಸರು ಸರಿಯಾಗಿದ್ದವು. ತೆರೆದ ಬೆಂಕಿ ಇತ್ತು. ಪಾತ್ರೆ ಬಳಸದೆ ಎಂಬುದಿತ್ತು. ಕಣ್ಣೆದುರಿನಲ್ಲೇ ಎಂಬುದೂ ಇತ್ತು.

"ಕವನ, ಬಾ ಇಲ್ಲಿ. ನಿನ್ನ ಹೆಸರು ಓದ್ಕೋ. ನಿನ್ನ ಟೆಸ್ಟು ಆಯ್ತು."

ಏಕಾಂತಪ್ಪನವರ ಕೈ ರಿಜಿಸ್ಟರಿನ ಕಡೆ ಅರ್ಧ ಚಾಚಿ ನಿಂತಿತು. "ಅದು ಕಂಪ್ಲೇಂಟು ಮೇಡಂ."

"ಹೌದು ಸರ್. ನೀವು ನೋಡಿದ್ದನ್ನೇ ಬರೆದಿದೀರಿ. ಜಿಲ್ಲೆ ಕಚೇರಿಗೆ ಬೇಕಾಗಿರೋದೂ ಅದೇ. ನನಗೆ ಏನು ಶಿಕ್ಷೆ ಕೊಡ್ತಾರೋ ಕೊಡ್ಲಿ. ಮಕ್ಕಳು ಮಾಡಿಲ್ಲ ಅಂತ ಹೇಳೋಕೆ ಇನ್ನು ಯಾರಿಗೂ ಬರಲ್ಲ."

ಪುಟಗಳಿಗೆ ಅಚ್ಚಿನ ಸಂಖ್ಯೆ ಇತ್ತು, ಹರಿಯುವಂತಿಲ್ಲ. ಸುತ್ತ ನಲವತ್ತು ಜನ ನಿಂತಿದ್ದರು. ಸೋಮವಾರ ಹೆಡ್‌ಮಿಸ್ಟ್ರೆಸ್ ತನ್ನನ್ನು ಕರೆಸುತ್ತಾರೆ, ಕ್ಯಾಪ್ಟನ್‌ಗಿರಿ ಹೋಗುತ್ತದೆ, ನೌಕರಿಯ ಕಡತದಲ್ಲಿ ಒಂದು ಕಾಗದ ಸೇರುತ್ತದೆ ಎಂದು ಪ್ರಿಯದರ್ಶಿನಿಗೆ ಗೊತ್ತಿತ್ತು. ಭಯವೇನೂ ಕಡಿಮೆಯಾಗಿರಲಿಲ್ಲ. ಇರಲಿ ಎಂದುಕೊಂಡಳು.

ಮೆಸ್ಸಿನ ಕಡೆಯಿಂದ ಗದ್ದಲ ಕೇಳಿತು. ಬೇರೆ ಎರಡು ಶಾಲೆಗಳ ಹದಿನಾರು ಗೈಡ್‌ಗಳು ಈರುಳ್ಳಿ ಹೆಚ್ಚುತ್ತಿದ್ದ ಚಾಕುಗಳನ್ನು ಕೈಯಲ್ಲಿ ಹಿಡಿದುಕೊಂಡೇ ಬರುತ್ತಿದ್ದರು. ಅವರ ಹಿಂದೆ ಪದ್ಮಮ್ಮನ ಧ್ವನಿ. "ಹೋಗ್ರೇ ಹೋಗಿ, ಸಾರಿಗೆ ನಾನೊಬ್ಳೇ ಸಾಕು. ಏ ಕವನಾ, ಹಿಟ್ಟು ಉಳಿದಿದೆಯೇನೇ?"

"ಇದೆ ಪದ್ಮಮ್ಮ. ಚೀಸಿಲ್ಲ."

"ಚೀಸಿಲ್ದಿದ್ರೆ ಆಲೂಗಡ್ಡೆ ಹಾಕ್ಕೊಳ್ಳಿ. ಕೆಂಡಕ್ಕೇನು ಗೊತ್ತಾಗುತ್ತೆ?"

ಕವನ ಹೊಸ ಬಾಳೆಲೆ ಹಾಸಿದಳು. ಏಕಾಂತಪ್ಪ ಪೆನ್ನಿನ ಮುಚ್ಚಳ ಹಾಕಲು ಹೋಗಿದ್ದರು. ಪ್ರಿಯದರ್ಶಿನಿ ರಿಜಿಸ್ಟರನ್ನು ಮುಂದಿನ ಪುಟಕ್ಕೆ ತಿರುವಿ, ಎರಡೂ ಕೈಯಲ್ಲಿ ಹಿಡಿದು ಅವರ ಮುಂದೆ ಚಾಚಿದಳು.

"ಪೆನ್ನು ಮುಚ್ಚಬೇಡಿ ಸರ್. ಇನ್ನೂ ಹದಿನಾರು ಹೆಸರು ಬರೀಬೇಕು."